ನಾಟಕಕಾರ ಗಿರೀಶ ಕಾರ್ನಾಡರು ಚಿತ್ರಕಥೆಗಾರರಾದದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ನಾಡರೆಂದರೆ ಕೆಲವರಿಗೆ ‘ತುಘಲಕ್’ ಬರೆದವರು. ಇನ್ನು ಕೆಲವರಿಗೆ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪ. ಇವರಿಬ್ಬರ ನಡುವೆ ಮೂರನೆಯವರೊಬ್ಬರಿದ್ದಾರೆ: ಚಿತ್ರಕಥೆ ಬರೆದ ಕಾರ್ನಾಡರು. ಅವರ ಮಾತು ಬರುವುದು ಕಡಿಮೆ. ಇಲ್ಲಿರುವುದು ಆ ಮೂರನೆಯವರ ಬಗ್ಗೆ. ವಿವಾದಗಳನ್ನು ಹುಡುಕಿಕೊಂಡು ಬಂದವರಿಗೆ ಜಾಸ್ತಿ ಏನೂ ಸಿಗಲಿಕ್ಕಿಲ್ಲ.

ಮೊದಲು ಬಂದದ್ದು ನಾಟಕವೋ, ಸಿನಿಮಾವೋ?

ನಾಟಕ. ಸಿನಿಮಾ ಬಂದದ್ದು ಸುಮಾರು ಹತ್ತು ವರ್ಷ ಕಳೆದ ಮೇಲೆ.

ಕಾರ್ನಾಡರು ಹುಟ್ಟಿದ್ದು 1938ರಲ್ಲಿ, ಮಾಥೇರಾನದಲ್ಲಿ. ಬಾಲ್ಯ ಶಿರಸಿಯಲ್ಲಿ, ಆಮೇಲೆ ಧಾರವಾಡದಲ್ಲಿ. ಶಿರಸಿಗೆ ಕಂಪನಿ ನಾಟಕಗಳು ಬರುತ್ತಿದ್ದವು, ಸುತ್ತಮುತ್ತ ಯಕ್ಷಗಾನವಂತೂ ಇದ್ದೇ ಇತ್ತು. ಎರಡನ್ನೂ ನೋಡಿ ಬೆಳೆದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಆಗ ಅವರಿಗಿದ್ದ ಆಸೆ ನಾಟಕಕಾರನಾಗುವುದಲ್ಲ, ಇಂಗ್ಲಿಷಿನಲ್ಲಿ ಕವಿಯಾಗುವುದು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ ಕೈಯಿಂದ ಬಂದದ್ದು ಮಾತ್ರ ಕನ್ನಡ, ಅದೂ ನಾಟಕ. ಅದೇ ‘ಯಯಾತಿ’. ತಮಗೇ ಇದು ಆಶ್ಚರ್ಯವಾಗಿತ್ತು ಎಂದು ಅವರು ಬರೆದುಕೊಂಡಿದ್ದಾರೆ. ಅಪ್ಪನಿಗಾಗಿ ಮಗ ತನ್ನ ಯೌವನ ಬಿಟ್ಟುಕೊಡುವ ಕಥೆ. ವಿದೇಶಕ್ಕೆ ಹೊರಟ ಮಗ, ಮನೆಯವರ ಆತಂಕ ಎಲ್ಲ ಅದರ ಹಿಂದೆ ಇತ್ತು. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಅದನ್ನು ಪ್ರಕಟಿಸಿತು. ಲೇಖಕರಿಗೆ ಆಗ 23 ವರ್ಷ.

‘ತುಘಲಕ್’ ಸಿನಿಮಾದ ಹಾಗೆ ಬಿಡಿಬಿಡಿ ದೃಶ್ಯಗಳಲ್ಲಿದೆ. ಆಗಲೇ ಅವರ ತಲೆಯಲ್ಲಿ ಸಿನಿಮಾ ಇತ್ತೇ?

ಬಹಳ ಜನ ಹಾಗೆಂದುಕೊಳ್ಳುತ್ತಾರೆ. ಆದರೆ ಆ ಕಟ್ಟಡ ಬಂದದ್ದು ಸಿನಿಮಾದಿಂದಲ್ಲ, ಕಂಪನಿ ನಾಟಕದಿಂದ.

ಕಂಪನಿ ನಾಟಕದಲ್ಲಿ ಒಂದು ರೂಢಿ ಇತ್ತು. ದರ್ಬಾರು, ಅರಮನೆಯಂಥ ದೃಶ್ಯಕ್ಕೆ ಇಡೀ ರಂಗ ಬೇಕು. ಅದು ಮುಗಿದ ಮೇಲೆ ಹಿಂದೆ ಸೆಟ್ಟು ಬದಲಿಸಬೇಕಲ್ಲ? ಅಲ್ಲಿಯವರೆಗೆ ಜನ ಸುಮ್ನೆ ಕೂರುವುದಿಲ್ಲ. ಅದಕ್ಕೆ ಮುಂದೆ ಬೀದಿಯ ಪರದೆ ಇಳಿಸಿ, ಅದರ ಎದುರು ಇಬ್ಬರು ಹಾಸ್ಯಗಾರರನ್ನು ಬಿಡುತ್ತಿದ್ದರು. ಹಿಂದಿನ ದೃಶ್ಯ ರಾಜರದ್ದು, ಮುಂದಿನದು ಸಾಮಾನ್ಯರದ್ದು. ‘ತುಘಲಕ್’ನಲ್ಲಿ (1964) ಕಾರ್ನಾಡರು ಬೇಕೆಂದೇ ಈ ರೂಢಿಯನ್ನು ಬಳಸಿದರು. ಸುಲ್ತಾನನ ದೃಶ್ಯ ಹಿಂದೆ, ಅಗಸ ಅಜೀಜ್ ಮತ್ತು ಅವನ ಜೊತೆಗಾರ ಆಜಮ್ ಮುಂದೆ. ಆದರೆ ಬರೆಯುತ್ತ ಹೋದಂತೆ ಮುಂದಿನ ದೃಶ್ಯಗಳೇ ಕೈಮೀರಿ ಉಬ್ಬತೊಡಗಿದವು ಎಂದು ಅವರೇ ಹೇಳಿದ್ದಾರೆ. ಸ್ವಾತಂತ್ರ್ಯ ಬಂದು, ಜನಸಾಮಾನ್ಯರು ಮೊದಲ ಸಲ ಮತ ಹಾಕುತ್ತಿದ್ದ ಕಾಲ. ಬೀದಿಯವರನ್ನು ಬರೀ ನಗಿಸಲು ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಕೊನೆಗೆ ಅಜೀಜ್ ನೇರವಾಗಿ ಸುಲ್ತಾನನ ಎದುರಿಗೇ ಬಂದು ನಿಲ್ಲುತ್ತಾನೆ.

ಚಿತ್ರಕಥೆಯ ವಿಷಯಕ್ಕೆ ಇದು ಏಕೆ ಮುಖ್ಯ ಎಂದರೆ, ಎರಡು ದೃಶ್ಯಗಳನ್ನು ಒಂದರ ಪಕ್ಕ ಒಂದಿಟ್ಟರೆ ಮಾತಿಲ್ಲದೆಯೇ ಅರ್ಥ ಹುಟ್ಟುತ್ತದೆ ಎಂಬುದನ್ನು ಅವರು ಕಲಿತದ್ದು ಇಲ್ಲಿ. ಪರದೆ ಇಳಿಸುವ ತಾಪತ್ರಯ ಸಿನಿಮಾದಲ್ಲಿ ಇರಲಿಲ್ಲ, ಅಷ್ಟೇ.

ಹಾಗಾದರೆ ಸಿನಿಮಾಕ್ಕೆ ಬಂದದ್ದು ಹೇಗೆ?

ಮದ್ರಾಸಿನ ಮೂಲಕ. ಆಕ್ಸ್‌ಫರ್ಡಿನಿಂದ 1963ರಲ್ಲಿ ವಾಪಸು ಬಂದು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ನೌಕರಿ ಹಿಡಿದರು. ಸಂಜೆ ಹೊತ್ತು ಮದ್ರಾಸ್ ಪ್ಲೇಯರ್ಸ್ ಎಂಬ ಇಂಗ್ಲಿಷ್ ನಾಟಕ ತಂಡ. ಆ ತಂಡ ಕಟ್ಟಿದವರಲ್ಲಿ ಒಬ್ಬರು ಸ್ನೇಹಲತಾ ರೆಡ್ಡಿ. ಅವರ ಪತಿ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ತೆಲುಗು ಚಿತ್ರಗಳ ನಿರ್ಮಾಪಕರೂ ಹೌದು. ಈ ಗೆಳೆಯರ ಗುಂಪಿಗೆ ಸಿಕ್ಕಿದ್ದು ಅನಂತಮೂರ್ತಿಯವರ ಕಾದಂಬರಿ ‘ಸಂಸ್ಕಾರ’.

‘ಸಂಸ್ಕಾರ’ದಲ್ಲಿ ಕಾರ್ನಾಡರ ಪಾಲು ಎಷ್ಟು? ಅವರು ನಟರು ಮಾತ್ರ ಅಲ್ವಾ?

ಅಲ್ಲ. ಪ್ರಾಣೇಶಾಚಾರ್ಯರ ಪಾತ್ರ ಮಾಡಿದ್ದೂ ಅವರೇ, ಚಿತ್ರಕಥೆ ಬರೆದದ್ದೂ ಅವರೇ. ನಿರ್ದೇಶನ ಪಟ್ಟಾಭಿರಾಮ ರೆಡ್ಡಿಯವರದು. ಚಂದ್ರಿಯಾಗಿ ಸ್ನೇಹಲತಾ, ನಾರಣಪ್ಪನಾಗಿ ಪಿ. ಲಂಕೇಶ್. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿ ಕಡೆಯ ಒಂದು ಅಗ್ರಹಾರದಲ್ಲಿ ಚಿತ್ರೀಕರಣ. ಹೆಚ್ಚಿನವರಿಗೆ ಸಿನಿಮಾ ಹೊಸದು. ಅದು ಅನುಕೂಲವೇ ಆಯಿತು ಅನಿಸುತ್ತದೆ, ಸಿನಿಮಾ ಹೀಗೇ ಇರಬೇಕು ಎಂಬ ಚಾಳಿ ಅಲ್ಲಿ ಯಾರಿಗೂ ಅಂಟಿರಲಿಲ್ಲ.

ಚಿತ್ರಕಥೆಗಾರನಿಗೆ ಈ ಕಾದಂಬರಿ ಸುಲಭದ್ದಲ್ಲ. ಮೊದಲ ಭಾಗದಲ್ಲಿ ಗಟ್ಟಿ ಘಟನೆ ಇದೆ: ನಾರಣಪ್ಪನ ಹೆಣ ಮನೆಯಲ್ಲಿದೆ, ಸಂಸ್ಕಾರ ಮಾಡುವವರು ಯಾರು ಎಂದು ತೀರ್ಮಾನವಾಗಿಲ್ಲ, ಅಗ್ರಹಾರ ಹಸಿದು ಕೂತಿದೆ. ನಾಟಕಕಾರನಿಗೆ ಇದಕ್ಕಿಂತ ಒಳ್ಳೆಯ ಸನ್ನಿವೇಶ ಬೇಕೇ? ಆದರೆ ಆಚಾರ್ಯರು ಅಗ್ರಹಾರ ಬಿಟ್ಟು ಹೊರಟ ಮೇಲೆ ಕಾದಂಬರಿ ಅವರ ತಲೆಯೊಳಗೆ ನಡೆಯುತ್ತದೆ. ಪುಟಗಟ್ಟಲೆ ಒಳಮಾತು. ರಂಗದ ಮೇಲಾದರೆ ಅದನ್ನು ಸ್ವಗತ ಮಾಡಿ ಬಿಡಬಹುದಿತ್ತು, ತುಘಲಕ್ ಮಾತಾಡುವ ಹಾಗೆ. ಸಿನಿಮಾದಲ್ಲಿ ಆ ಕೆಲಸವನ್ನು ನಡಿಗೆ, ಮುಖ, ಮೌನಕ್ಕೆ ಬಿಡಬೇಕಾಯಿತು. ಮಾತನ್ನೇ ನಂಬಿ ಬಂದ ಲೇಖಕ ಮಾತು ಕಡಿಮೆ ಮಾಡಲು ಕಲಿತ ಮೊದಲ ಪಾಠ ಇದು. ಎರಡನೆಯ ಅರ್ಧ ಪೂರ್ತಿ ಗೆದ್ದಿದೆ ಎಂದು ನಾನು ಹೇಳಲಾರೆ. ಮೊದಲ ಅರ್ಧ ಇಂದಿಗೂ ಬಿಗಿಯಾಗಿದೆ.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು. ಮಾಧ್ವ ಬ್ರಾಹ್ಮಣರಿಗೆ ನೋವಾಗುತ್ತದೆ, ಗಲಾಟೆಯಾಗುತ್ತದೆ ಎಂಬ ಅಂಜಿಕೆ. ವಿಷಯ ಕೇಂದ್ರ ಸರ್ಕಾರದವರೆಗೆ ಹೋಗಿ ತಡೆ ತೆರವಾಯಿತು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡಕ್ಕೆ ಆ ಮನ್ನಣೆ ಅದೇ ಮೊದಲು.

ಕಥೆ, ಚಿತ್ರಕಥೆ, ಸಂಭಾಷಣೆ: ಇವೆಲ್ಲ ಒಂದೇ ಅಲ್ಲವೇ?

ನಾಟಕದಲ್ಲಿ ಹೌದು, ನಾಟಕಕಾರ ಎಲ್ಲವನ್ನೂ ತಾನೇ ಬರೆಯುತ್ತಾನೆ. ನಮ್ಮ ಸಿನಿಮಾದಲ್ಲಿ ಬೇರೆ ಬೇರೆ. ಯಾವ ದೃಶ್ಯ ಎಲ್ಲಿ ಬರಬೇಕು, ಎಲ್ಲಿ ಕತ್ತರಿಸಬೇಕು, ಯಾರ ಕಣ್ಣಿನಿಂದ ನೋಡಬೇಕು ಎಂಬುದು ಚಿತ್ರಕಥೆ. ಪಾತ್ರಗಳ ಬಾಯಿಗೆ ಕೊಡುವ ಮಾತು ಸಂಭಾಷಣೆ. ಕಾರ್ನಾಡರು ಚಿತ್ರಕಥೆಯಲ್ಲಿ ಕೈಯಿಟ್ಟ ‘ಭೂಮಿಕಾ’ ಮತ್ತು ‘ಕಲಿಯುಗ್’ ಹಿಂದಿ ಚಿತ್ರಗಳ ಸಂಭಾಷಣೆ ಸತ್ಯದೇವ್ ದುಬೆ ಅವರದು. ಅಂದರೆ ನಾಟಕಕಾರನೊಬ್ಬ ತನ್ನ ದೊಡ್ಡ ಬಂಡವಾಳವಾದ ಮಾತನ್ನೇ ಬೇರೆಯವರಿಗೆ ಒಪ್ಪಿಸಿ, ಬರೀ ಕಟ್ಟಡದ ಕೆಲಸ ಮಾಡಿದ. ಇದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ರಂಗನಿರ್ದೇಶಕ ಬಿ.ವಿ. ಕಾರಂತರ ಜೊತೆ ಮಾಡಿದ ಚಿತ್ರಗಳು ಯಾವುವು?

ಎರಡು. 1971ರ ‘ವಂಶವೃಕ್ಷ’, ಜಿ.ವಿ. ಅಯ್ಯರ್ ನಿರ್ಮಾಣದ್ದು. ಇಬ್ಬರಿಗೂ ಸೇರಿ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ವಿಷ್ಣುವರ್ಧನ್ ಮೊದಲು ಪರದೆಯ ಮೇಲೆ ಕಂಡದ್ದು ಇದರಲ್ಲೇ, ಆಗಿನ್ನೂ ಅವರು ಸಂಪತ್ ಕುಮಾರ್. ಎರಡನೆಯದು 1977ರ ‘ತಬ್ಬಲಿಯು ನೀನಾದೆ ಮಗನೆ’. ಇದನ್ನು ‘ಗೋಧೂಳಿ’ ಎಂದು ಹಿಂದಿಯಲ್ಲೂ ಮಾಡಿದರು. ಅದರ ಚಿತ್ರಕಥೆಗೆ ಇಬ್ಬರಿಗೂ ಫಿಲ್ಮ್‌ಫೇರ್ ಪ್ರಶಸ್ತಿ ಸಿಕ್ಕಿತು. ಎರಡಕ್ಕೂ ಮೂಲ ಎಸ್.ಎಲ್. ಭೈರಪ್ಪನವರ ಕಾದಂಬರಿಗಳು.

ರಂಗಭೂಮಿಯಲ್ಲೂ ಈ ಜೋಡಿಯ ಋಣ ದೊಡ್ಡದು. ಮುಖವಾಡ ಮತ್ತು ಸಂಗೀತದ ಬಗ್ಗೆ ಕಾರಂತರ ಜೊತೆ ವಾದ ಮಾಡುತ್ತಿದ್ದಾಗಲೇ ‘ಹಯವದನ’ ತಲೆಯಲ್ಲಿ ರೂಪ ತಳೆಯಿತು ಎಂದು ಕಾರ್ನಾಡರು ಬರೆದಿದ್ದಾರೆ. ನೌಕರಿ ಬಿಟ್ಟು, ಹೋಮಿ ಭಾಭಾ ಫೆಲೋಶಿಪ್ ಮೇಲಿದ್ದ ಕಾಲ ಅದು. ಒಂದು ಕೈಯಲ್ಲಿ ‘ವಂಶವೃಕ್ಷ’, ಇನ್ನೊಂದರಲ್ಲಿ ‘ಹಯವದನ’.

ಒಬ್ಬರೇ ನಿರ್ದೇಶಿಸಿದ ಮೊದಲ ಕಥಾಚಿತ್ರ ಯಾವುದು?

‘ಕಾಡು’, 1973. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. ಕೊಪ್ಪಲು, ಹೊಸೂರು ಎಂಬ ಎರಡು ಹಳ್ಳಿಗಳ ಹಗೆ. ಗೌಡನಿಗೆ ಪಕ್ಕದೂರಿನ ಹೆಣ್ಣಿನ ಮೋಹ, ಮನೆಯಲ್ಲಿ ಹೆಂಡತಿಯ ಸಂಕಟ. ಇದನ್ನೆಲ್ಲ ನೋಡುವವನು ಕಿಟ್ಟಿ ಎಂಬ ಹುಡುಗ. ಅವನಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ.

ನನ್ನ ಮಟ್ಟಿಗೆ ಕಾರ್ನಾಡರು ನಿಜವಾಗಿ ಚಿತ್ರಕಥೆಗಾರರಾದದ್ದು ಇಲ್ಲಿ. ರಂಗದ ಮೇಲೆ ಎಲ್ಲ ಪಾತ್ರಗಳೂ ಪ್ರೇಕ್ಷಕರಿಂದ ಒಂದೇ ದೂರದಲ್ಲಿರುತ್ತವೆ. ಒಬ್ಬ ಹುಡುಗನ ಕಣ್ಣಿನ ಎತ್ತರಕ್ಕೆ ಇಡೀ ಊರನ್ನು ಇಳಿಸುವುದು ಅಲ್ಲಿ ಕಷ್ಟ. ಕ್ಯಾಮೆರಾಕ್ಕೆ ಅದು ನೀರು ಕುಡಿದಷ್ಟು ಸಲೀಸು. ದೊಡ್ಡವರ ಮಾತು ಬಾಗಿಲ ಸಂದಿಯಿಂದ, ಅರೆಬರೆಯಾಗಿ ಬರುತ್ತದೆ. ಗೋವಿಂದ್ ನಿಹಲಾನಿ ಅವರ ಛಾಯಾಗ್ರಹಣ, ಗೌಡನಾಗಿ ಅಮರೀಶ್ ಪುರಿ. ಹೆಂಡತಿಯ ಪಾತ್ರ ಮಾಡಿದ ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ ಎಂದು ರಾಷ್ಟ್ರಪ್ರಶಸ್ತಿ ಬಂತು.

ಅವರು ತಮ್ಮ ನಾಟಕಗಳನ್ನೇ ಏಕೆ ಸಿನಿಮಾ ಮಾಡಲಿಲ್ಲ?

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದೇ. ಪಟ್ಟಿ ಮಾಡಿ ನೋಡಿ. ‘ಸಂಸ್ಕಾರ’ ಅನಂತಮೂರ್ತಿಯವರದು. ‘ವಂಶವೃಕ್ಷ’, ‘ತಬ್ಬಲಿಯು’ ಭೈರಪ್ಪನವರವು. ‘ಕಾಡು’ ಆಲನಹಳ್ಳಿಯವರದು. ‘ಭೂಮಿಕಾ’ ಮರಾಠಿ ನಟಿ ಹಂಸಾ ವಾಡ್ಕರ್ ಅವರ ಆತ್ಮಕಥೆ. ‘ಉತ್ಸವ್’ ಶೂದ್ರಕ ಮತ್ತು ಭಾಸನದು. ‘ಚೆಲುವಿ’ ಜನಪದ ಕಥೆ. ‘ಕಾನೂರು ಹೆಗ್ಗಡತಿ’ ಕುವೆಂಪು ಅವರದು. ಸಿನಿಮಾಕ್ಕೆ ಬಂದಾಗಲೆಲ್ಲ ಅವರ ಕೈಯಲ್ಲಿ ಇನ್ನೊಬ್ಬರ ಕಥೆ ಇರುತ್ತಿತ್ತು. ‘ತುಘಲಕ್’, ‘ಹಯವದನ’, ‘ತಲೆದಂಡ’ಗಳನ್ನು ಅವರು ಪರದೆಗೆ ತರಲೇ ಇಲ್ಲ. ‘ನಾಗಮಂಡಲ’ವನ್ನು 1997ರಲ್ಲಿ ಚಿತ್ರ ಮಾಡಿದವರು ಟಿ.ಎಸ್. ನಾಗಾಭರಣ. ‘ಅಗ್ನಿ ಮತ್ತು ಮಳೆ’ ಆಧರಿಸಿ 2002ರಲ್ಲಿ ‘ಅಗ್ನಿವರ್ಷ’ ಮಾಡಿದವರು ಅರ್ಜುನ್ ಸಜ್ನಾನಿ.

ಕಥೆ ಇಲ್ಲದೆ ಪರದಾಡಿ ಎರವಲು ತಂದರು ಎನ್ನುವಂತಿಲ್ಲ. ನಾಟಕದ ಕಥೆಯನ್ನೂ ಅವರು ಪುರಾಣ, ಇತಿಹಾಸ, ಜನಪದದಿಂದಲೇ ಎತ್ತಿಕೊಂಡವರು. ವ್ಯತ್ಯಾಸ ಬೇರೆ ಕಡೆ ಇದೆ. ನನ್ನ ಊಹೆ ಹೀಗೆ: ಅವರ ನಾಟಕಗಳು ರಂಗವನ್ನು ನೆಚ್ಚಿಕೊಂಡೇ ಹುಟ್ಟಿದವು. ‘ಹಯವದನ’ದಲ್ಲಿ ತಲೆ ಅದಲುಬದಲಾಗುವುದನ್ನು ರಂಗದ ಮೇಲೆ ಮುಖವಾಡದಿಂದ ಮಾಡಿದರೆ ನಾವು ಒಪ್ಪುತ್ತೇವೆ. ಪರದೆಯ ಮೇಲೆ ಅದೇ ಟ್ರಿಕ್ ಆಗಿಬಿಡುತ್ತದೆ. ಕಾದಂಬರಿಗೆ ಅಂಥ ಹಟ ಇಲ್ಲ. ಊರು, ಮನೆ, ಕಾಡು, ಜನ ಎಲ್ಲ ಅದರಲ್ಲಿ ಮೊದಲೇ ಇರುತ್ತದೆ. ಕ್ಯಾಮೆರಾಕ್ಕೆ ಬೇಕಾದದ್ದೂ ಅದೇ.

ಇದಕ್ಕೆ ಒಂದು ಚೆಂದದ ಉದಾಹರಣೆ ಇದೆ. ‘ನಾಗಮಂಡಲ’ ನಾಟಕದ ಮೂಲ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು. ಹುಡುಗಿಯೊಬ್ಬಳು ಹೂಬಿಡುವ ಮರವಾಗುವ ‘ಚೆಲುವಿ’ಯ ಕಥೆಯೂ ರಾಮಾನುಜನ್ ಸಂಗ್ರಹಿಸಿದ್ದೇ. ಒಂದು ನಾಟಕವಾಯಿತು, ಇನ್ನೊಂದು 1992ರಲ್ಲಿ ಸಿನಿಮಾ ಆಯಿತು. ಹಾವು ಗಂಡನ ರೂಪದಲ್ಲಿ ಬರುವುದಕ್ಕೆ ಒಬ್ಬ ನಟ ಸಾಕು. ಮರಕ್ಕೆ ಮಾತ್ರ ನಿಜವಾದ ಮರ, ಹೂವು, ಮುರಿದ ಕೊಂಬೆ ಬೇಕು. ಯಾವುದು ಎಲ್ಲಿಗೆ ಸೇರಬೇಕು ಎಂಬ ಅಂದಾಜು ಅವರಿಗೆ ಚೆನ್ನಾಗಿತ್ತು.

ಸ್ವಂತ ಕಥೆಯ ಚಿತ್ರ ಒಂದೂ ಇಲ್ಲವೇ?

ಇದೆ. 1978ರ ‘ಒಂದಾನೊಂದು ಕಾಲದಲ್ಲಿ’. ಕಾದಂಬರಿ ಇಲ್ಲ, ಪುರಾಣವೂ ಇಲ್ಲ. ಒಡೆದ ಮನೆತನಗಳ ಜಗಳದಲ್ಲಿ ಕೂಲಿಗೆ ಕತ್ತಿ ಹಿಡಿದ ಇಬ್ಬರು ವೀರರ ಕಥೆ. ಜಪಾನಿನ ಕುರೊಸಾವಾ ಚಿತ್ರಗಳ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ಕಾರ್ನಾಡರ ಚಿತ್ರಗಳಲ್ಲಿ ಇಷ್ಟು ಕಡಿಮೆ ಮಾತಿನದು ಬೇರೆ ಇಲ್ಲ ಎನ್ನಬಹುದು, ಇಷ್ಟು ಖುಷಿಯಾಗಿ ನೋಡಿಸಿಕೊಳ್ಳುವುದೂ ಇದೇ. ಶಂಕರ್ ನಾಗ್ ಅವರನ್ನು ಪರದೆಗೆ ತಂದದ್ದು ಈ ಚಿತ್ರ. ಎದುರಿಗೆ ಸುಂದರಕೃಷ್ಣ ಅರಸ್. ಶಂಕರ್ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಯೂ ಸಿಕ್ಕಿತು.

ಹಿಂದಿಯ ‘ಮಂಥನ್’ ಚಿತ್ರ ಬರೆದದ್ದು ಕಾರ್ನಾಡರೇ?

ಅಲ್ಲ. ಅದರಲ್ಲಿ ಅವರು ಡಾಕ್ಟರ್ ರಾವ್ ಪಾತ್ರ ಮಾಡಿದರು, ಅಷ್ಟೇ. ಚಿತ್ರಕಥೆ ವಿಜಯ್ ತೆಂಡೂಲ್ಕರ್ ಅವರದು. ‘ನಿಶಾಂತ್’ ಕೂಡ ಹಾಗೆಯೇ. ಮರಾಠಿಯ ದೊಡ್ಡ ನಾಟಕಕಾರ ಬರೆದದ್ದನ್ನು ಕನ್ನಡದ ದೊಡ್ಡ ನಾಟಕಕಾರ ನಟಿಸಿದ.

ಹಿಂದಿಯಲ್ಲಿ ಬರೆದವು ಯಾವುವು?

ಮುಖ್ಯವಾಗಿ ಮೂರು. ಶ್ಯಾಮ್ ಬೆನಗಲ್ ಅವರ ‘ಭೂಮಿಕಾ’ (1977). ಬೆನಗಲ್, ದುಬೆ, ಕಾರ್ನಾಡ್ ಮೂವರಿಗೂ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಬಂತು. ನಟಿಯ ಬದುಕು ಈಗಿನಿಂದ ಹಿಂದಕ್ಕೆ, ಹಿಂದಿನಿಂದ ಈಗಕ್ಕೆ ಓಡಾಡುವ ಜೋಡಣೆ ಅದರದು. ಆಮೇಲೆ ‘ಕಲಿಯುಗ್’ (1981): ಮಹಾಭಾರತವನ್ನು ಉದ್ಯಮಿಗಳ ಎರಡು ಮನೆತನಗಳ ಜಗಳವಾಗಿ ತಿರುಗಿಸಿದ್ದು. ಇಲ್ಲಿ ‘ಯಯಾತಿ’ ಬರೆದವನ ಕೈ ಗುರುತು ಸಿಗುತ್ತದೆ. ಶಶಿ ಕಪೂರ್ ಅವರ ಕರಣ್ ಪಾತ್ರದ ಹುಟ್ಟಿನ ಗುಟ್ಟು ಬಯಲಾಗುವ ರೀತಿಯನ್ನು ಗಮನಿಸಿ.

ಮೂರನೆಯದು ‘ಉತ್ಸವ್’ (1984), ಕಾರ್ನಾಡರದೇ ನಿರ್ದೇಶನ. ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ಕ್ಕೆ ಅವರು ಸೇರಿಸಿದ ತಮಾಷೆ ಎಂದರೆ ‘ಕಾಮಸೂತ್ರ’ದ ವಾತ್ಸ್ಯಾಯನ. ಅಮ್ಜದ್ ಖಾನ್ ಆ ಪಾತ್ರದಲ್ಲಿ ಸೂಳೆಗೇರಿಯಲ್ಲಿ ಸುತ್ತಾಡುತ್ತ, ತನ್ನ ಗ್ರಂಥಕ್ಕೆ ಸರಕು ಕೂಡಿಸುತ್ತ, ನಮಗೂ ಕಥೆ ಹೇಳುತ್ತಾನೆ. ಇವನು ‘ಹಯವದನ’ದಲ್ಲಿ ಕಥೆ ಹೇಳುವ ಭಾಗವತನ ಖಾಸಾ ನೆಂಟ. ಖಳನಾಯಕ ಶಕಾರನ ಪಾತ್ರ ಅಮಿತಾಭ್ ಬಚ್ಚನ್ ಮಾಡಬೇಕಿತ್ತು. ‘ಕೂಲಿ’ ಚಿತ್ರೀಕರಣದಲ್ಲಿ ಅವರಿಗೆ ಪೆಟ್ಟಾಗಿ, ನಿರ್ಮಾಪಕ ಶಶಿ ಕಪೂರ್ ಅವರೇ ಮಾಡಿದರು. ದುಡ್ಡಿನ ಲೆಕ್ಕದಲ್ಲಿ ಚಿತ್ರ ಸೋತಿತು.

ಪುಣೆಯ ಫಿಲ್ಮ್ ಇನ್ಸ್ಟಿಟ್ಯೂಟಿನಲ್ಲಿ ಪಾಠ ಮಾಡಿದ್ದರೇ?

ನಿರ್ದೇಶಕರಾಗಿದ್ದರು, 1974 ಮತ್ತು 75ರಲ್ಲಿ. ತುರ್ತುಪರಿಸ್ಥಿತಿಯ ಕಾಲಕ್ಕೆ ಆ ಹುದ್ದೆ ಬಿಟ್ಟರು.

ಸಿನಿಮಾದಿಂದ ಅವರ ನಾಟಕ ಸೊರಗಿತೇ?

ಇಸವಿಗಳನ್ನು ನೋಡಿದರೆ ಸ್ವಲ್ಪ ಹೌದು ಅನಿಸುತ್ತದೆ. ‘ಹಯವದನ’ 1971ರದು. ಅದಾದ ಮೇಲೆ ಎಲ್ಲರೂ ನೆನೆಯುವ ನಾಟಕ ‘ನಾಗಮಂಡಲ’, 1988ರದು. ನಡುವೆ ‘ಅಂಜುಮಲ್ಲಿಗೆ’, ‘ಹಿಟ್ಟಿನ ಹುಂಜ’ ಬಂದವು, ಆದರೆ ಅವು ಆ ಎತ್ತರದವಲ್ಲ. ಸಿನಿಮಾದಲ್ಲಿ ಅವರು ಅತಿ ಹೆಚ್ಚು ದುಡಿದದ್ದು ಇದೇ ಹದಿನೇಳು ವರ್ಷಗಳಲ್ಲಿ.

ಆದರೆ ಇನ್ನೊಂದು ಮಾತು. ಕನ್ನಡದಲ್ಲಿ ನಾಟಕ ಬರೆದು ಹೊಟ್ಟೆ ಹೊರೆಯುವುದು ಯಾರಿಗೂ ಆಗಿಲ್ಲ. ಸಿನಿಮಾ ತಮಗೆ ಅನ್ನ ಕೊಟ್ಟಿತು ಎಂಬುದನ್ನು ಕಾರ್ನಾಡರು ಮುಚ್ಚಿಟ್ಟವರಲ್ಲ. ಸಿನಿಮಾದ ದುಡ್ಡು ಇದ್ದದ್ದರಿಂದಲೇ ನಾಟಕವನ್ನು ಯಾರ ಹಂಗೂ ಇಲ್ಲದೆ, ತಮ್ಮ ನಿಧಾನದಲ್ಲಿ ಬರೆಯಲು ಆಯಿತು. ‘ತಲೆದಂಡ’, ‘ಅಗ್ನಿ ಮತ್ತು ಮಳೆ’, ‘ಟಿಪ್ಪುವಿನ ಕನಸುಗಳು’, ತೀರ ಕೊನೆಗೆ ‘ರಾಕ್ಷಸ ತಂಗಡಿ’, ಎಲ್ಲ ಆಮೇಲಿನವು.

ಸಿನಿಮಾದಲ್ಲಿ ಕಲಿತದ್ದು ನಾಟಕಕ್ಕೆ ವಾಪಸು ಬಂತೇ?

ಬಂತು, ಆದರೆ ತಡವಾಗಿ. ‘ಒಡಕಲು ಬಿಂಬ’ವನ್ನು ಬೆಂಗಳೂರಿನ ರಂಗಶಂಕರದಲ್ಲೋ ಬೇರೆಲ್ಲೋ ನೋಡಿದವರಿಗೆ ಗೊತ್ತು. ರಂಗದ ಮೇಲೆ ಒಬ್ಬಳೇ ನಟಿ, ಪಕ್ಕದಲ್ಲಿ ಟೀವಿ ಪರದೆ. ಕನ್ನಡ ಲೇಖಕಿಯೊಬ್ಬಳು ಇಂಗ್ಲಿಷಿನಲ್ಲಿ ಬರೆದು ಹೆಸರು ಮಾಡಿದ್ದಾಳೆ. ಪರದೆಯ ಮೇಲಿರುವ ಅವಳದೇ ಬಿಂಬ ಅವಳನ್ನು ಪ್ರಶ್ನೆ ಕೇಳುತ್ತ ಕೇಳುತ್ತ ಬಣ್ಣ ಬಯಲು ಮಾಡುತ್ತದೆ. ಕನ್ನಡದಲ್ಲಿ ಅರುಂಧತಿ ನಾಗ್ ಮಾಡಿದರು. ಮೊದಲೇ ಚಿತ್ರೀಕರಿಸಿದ ಬಿಂಬ ಒಂದು ಕ್ಷಣವೂ ಕಾಯುವುದಿಲ್ಲ. ನಟಿ ಅದರ ಉಸಿರಿಗೆ ತನ್ನ ಉಸಿರು ಹೊಂದಿಸಬೇಕು. ಕ್ಲೋಸಪ್ಪಿನ ಕ್ರೌರ್ಯ ಎಂಥದ್ದೆಂದು ಕ್ಯಾಮೆರಾದ ಎರಡೂ ಕಡೆ ನಿಂತವರಿಗಷ್ಟೇ ಗೊತ್ತು. ಆ ಅನುಭವ ಇಲ್ಲದೆ ಈ ನಾಟಕ ಹುಟ್ಟುತ್ತಿರಲಿಲ್ಲ.

‘ಕಾನೂರು ಹೆಗ್ಗಡತಿ’ ಹೇಗಿದೆ?

1999ರದು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿದೆ, ತಾರಾ ಅವರ ಅಭಿನಯ ಚೆನ್ನಾಗಿದೆ. ಆದರೆ 1936ರ ಆ ಕಾದಂಬರಿ ಒಂದು ಸಿನಿಮಾದ ಅಳತೆಗೆ ಬಗ್ಗುವಂಥದ್ದಲ್ಲ. ಕಾದಂಬರಿ ಓದಿದವರಿಗೆ ಅವಸರ ಅನಿಸುತ್ತದೆ, ಓದದವರಿಗೆ ಯಾರು ಯಾರೆಂದು ತಿಳಿಯಲು ಸಮಯ ಸಾಲದು.

ಯಾವುದರಿಂದ ಶುರು ಮಾಡಲಿ?

‘ಕಾಡು’ ಓದಿ, ನೋಡಿ. ಕಾದಂಬರಿ ಚಿಕ್ಕದು, ಒಂದೆರಡು ಸಲ ಕೂತರೆ ಮುಗಿಯುತ್ತದೆ. ಏನನ್ನು ಬಿಟ್ಟರು, ಏನನ್ನು ಕಿಟ್ಟಿಯ ಕಣ್ಣಿಗೆ ಕೊಟ್ಟರು ಎಂದು ಹೋಲಿಸಬಹುದು. ಆಮೇಲೆ ‘ಸಂಸ್ಕಾರ’, ‘ಒಂದಾನೊಂದು ಕಾಲದಲ್ಲಿ’. ಹಿಂದಿಯಲ್ಲಿ ಒಂದೇ ಸಾಕೆಂದರೆ ‘ಭೂಮಿಕಾ’. ಈ ದಿನಗಳ ಬಗ್ಗೆ ಅವರ ಬಾಯಿಂದಲೇ ಕೇಳಬೇಕೆಂದರೆ 2011ರಲ್ಲಿ ಬಂದ ಆತ್ಮಕಥೆ ‘ಆಡಾಡತಾ ಆಯುಷ್ಯ’ ಇದೆ. ಧಾರವಾಡದ ಗಾಳಿ ಅದರ ತುಂಬ ಇದೆ.